ಇಂಗ್ಲಿಷಿನ ‘ಚಾರ್ಜ್’ ಮತ್ತು ಅದರ ಜೊತೆಗಾರ ಪದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಚೇರಿಯಲ್ಲೋ ಸ್ಪರ್ಧಾತ್ಮಕ ಪರೀಕ್ಷೆಯಲ್ಲೋ ಇಂಗ್ಲಿಷ್ ಬರೆಯಬೇಕಾದವರಿಗಾಗಿ ಈ ಪುಟ. ‘ಚಾರ್ಜ್’ ಅನ್ನುವ ಒಂದೇ ನಾಮಪದವನ್ನು ಇಲ್ಲಿ ಪೂರ್ತಿ ನೋಡೋಣ. ಇಂಗ್ಲಿಷ್ ಮಾತುಗಳನ್ನು ಕೇಳಿಸುವ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ.

ಎಷ್ಟೋ ಪದಗಳಿರುವಾಗ ‘ಚಾರ್ಜ್’ ಒಂದಕ್ಕೇ ಇಷ್ಟು ದೊಡ್ಡ ಪುಟ ಯಾಕೆ?

ಈ ಪದ ನಮ್ಮ ಬಾಯಲ್ಲಿ ಆಗಲೇ ಇದೆ, ಅದಕ್ಕೆ. ಬಸ್ ಚಾರ್ಜು, ಫೋನ್ ಚಾರ್ಜು, ಲಾಠಿ ಚಾರ್ಜು, ಚಾರ್ಜ್‌ಶೀಟು, ಇನ್‌ಚಾರ್ಜ್ ಹೆಡ್‌ಮಾಸ್ಟರ್ ಎಲ್ಲವೂ ದಿನಬಳಕೆಯ ಮಾತುಗಳು. ಪದ ಗೊತ್ತು ಅನ್ನುವ ಧೈರ್ಯದಲ್ಲಿ ಇಂಗ್ಲಿಷ್ ವಾಕ್ಯ ಬರೆಯುತ್ತೇವೆ, ಆದರೆ ಅಕ್ಕಪಕ್ಕದ ಪದಗಳು ತಪ್ಪಿರುತ್ತವೆ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆಯುತ್ತೇವೆ. ಗೊತ್ತಿದೆ ಅಂದುಕೊಂಡ ಪದಕ್ಕೆ ಯಾರೂ ತೆರೆಯುವುದಿಲ್ಲ.

ಪದಜೋಡಿ ಅಂದರೆ ಏನು? ವ್ಯಾಕರಣ ಸರಿಯಿದ್ದರೆ ಸಾಲದೆ?

ಸಾಲದು. ಕನ್ನಡದ ‘ಮಾತು’ ತೆಗೆದುಕೊಳ್ಳಿ. ಮಾತು ಕೊಡು ಅಂದರೆ ವಚನ. ಮಾತು ಬಿಡು ಅಂದರೆ ಮುನಿಸು. ಮಾತು ಕೇಳು ಅಂದರೆ ವಿಧೇಯತೆ. ಮಾತು ತೆಗೆ ಅಂದರೆ ವಿಷಯ ಎತ್ತುವುದು. ಮಾತಿಗೆ ತಪ್ಪು, ಮಾತು ಬೆಳೆಸು, ಮಾತು ಮರೆಸು, ಇವೆಲ್ಲ ಬೇರೆ ಬೇರೆ. ಕನ್ನಡ ಕಲಿಯುತ್ತಿರುವವರು ‘ನಾನು ನಿಮಗೆ ಮಾತು ಮಾಡುತ್ತೇನೆ’ ಅಂದರೆ ಅವರು ವಚನ ಕೊಡುತ್ತಿದ್ದಾರೆ ಅಂತ ನಮಗೆ ಹೊಳೆಯುವುದೇ ಇಲ್ಲ. ವ್ಯಾಕರಣದಲ್ಲಿ ದೋಷವಿಲ್ಲ, ಜೋಡಿ ತಪ್ಪಿದೆ ಅಷ್ಟೆ.

ಇಂಗ್ಲಿಷಿನಲ್ಲಿ ಇದಕ್ಕೆ ಕೊಲೊಕೇಶನ್ ಅನ್ನುತ್ತಾರೆ. ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1950ರ ದಶಕದಲ್ಲಿ ಈ ವಿಚಾರಕ್ಕೆ ಒತ್ತು ಕೊಟ್ಟರು. ಒಂದು ಪದದ ಅರ್ಥ ತಿಳಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ನೋಡಿ ಅನ್ನುವುದು ಅವರ ನಿಲುವು. ‘ಚಾರ್ಜ್’ ವಿಷಯದಲ್ಲಿ ಇದು ನೂರಕ್ಕೆ ನೂರು ನಿಜ.

ದುಡ್ಡು, ಆರೋಪ, ಜವಾಬ್ದಾರಿ, ವಿದ್ಯುತ್ತು, ದಾಳಿ: ಇಷ್ಟೆಲ್ಲ ಒಂದೇ ಪದದೊಳಗೆ ಹೇಗೆ ಸೇರಿದವು?

ಮೂಲ ಅರ್ಥ ಹೊರೆ. ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಅಂದರೆ ಗಾಡಿ. ಅದರಿಂದ ಗಾಡಿಗೆ ಹೇರು ಅನ್ನುವ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ಕಾರ್, ಕ್ಯಾರಿ, ಕಾರ್ಗೋ ಎಲ್ಲ ಇದೇ ಬಳಗ.

ಈಗ ಕನ್ನಡದ ‘ಹೊರಿಸು’ ನೆನಪಿಸಿಕೊಳ್ಳಿ. ಆರೋಪ ಹೊರಿಸುತ್ತೇವೆ, ಜವಾಬ್ದಾರಿ ಹೊರಿಸುತ್ತೇವೆ, ಖರ್ಚನ್ನು ಇನ್ನೊಬ್ಬರ ತಲೆಗೆ ಹೊರಿಸುತ್ತೇವೆ. ಕಚೇರಿಯ ‘ಪ್ರಭಾರ’ದಲ್ಲೂ ಜಮೀನಿನ ‘ಋಣಭಾರ’ದಲ್ಲೂ ಇರುವುದು ಅದೇ ಭಾರ. ಇಂಗ್ಲಿಷ್ ಹಿಡಿದ ದಾರಿಯನ್ನೇ ನಮ್ಮ ನುಡಿಯೂ ತಾನಾಗಿ ಹಿಡಿದಿದೆ. ಬಂದೂಕಿಗೆ ಮದ್ದು ತುಂಬುವುದು, ಬ್ಯಾಟರಿಗೆ ವಿದ್ಯುತ್ ತುಂಬುವುದು ಕೂಡ ಹೇರುವ ಕೆಲಸವೇ. ದಾಳಿಯ ಅರ್ಥ ಮಾತ್ರ ಆಯುಧ ಸಜ್ಜು ಮಾಡಿಕೊಳ್ಳುವ ದಾರಿಯಿಂದ ಬಂತು. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಜೋಡಿಗಳು ಬಾಯಿಪಾಠದ ಪಟ್ಟಿಯಂತೆ ಕಾಣುವುದಿಲ್ಲ.

ದುಡ್ಡಿನ ಅರ್ಥದಲ್ಲಿ ಯಾವ ಜೋಡಿಗಳು ಹೆಚ್ಚು ಬಳಕೆಯಲ್ಲಿವೆ?

ಚಾರ್ಜ್ ಅಂದರೆ ಒಂದು ಸೇವೆಗೆ ತೆಗೆದುಕೊಳ್ಳುವ ಹಣ. ವಸ್ತುವಿನ ಬೆಲೆ ‘ಪ್ರೈಸ್’. ಅದನ್ನು ಮನೆಗೆ ತಂದುಕೊಡುವುದಕ್ಕೆ ‘ಡೆಲಿವರಿ ಚಾರ್ಜ್’. ಮೊತ್ತ ಸಣ್ಣದಿದ್ದರೆ ‘ಸ್ಮಾಲ್ ಚಾರ್ಜ್’ ಅಥವಾ ‘ನಾಮಿನಲ್ ಚಾರ್ಜ್’. ಮೊದಲೇ ಹೇಳದೆ ಬಿಲ್ಲಿನಲ್ಲಿ ತೂರಿಸಿದರೆ ‘ಹಿಡನ್ ಚಾರ್ಜಸ್’. ಚೆಕ್ ಬೌನ್ಸ್ ಆದಾಗ ‘ಯೂ ವಿಲ್ ಇನ್ಕರ್ ಎ ಚಾರ್ಜ್’, ಅಂದರೆ ನಿಮ್ಮ ಮೇಲೆ ಶುಲ್ಕ ಬೀಳುತ್ತದೆ. ವಿಧಿಸುವವರು ‘ಲೆವಿ’ ಅಥವಾ ‘ಇಂಪೋಸ್’ ಮಾಡುತ್ತಾರೆ, ಮನ್ನಾ ಮಾಡುವವರು ‘ವೇವ್’ ಮಾಡುತ್ತಾರೆ. ಬ್ಯಾಂಕಿಗೆ ಪತ್ರ ಬರೆಯುವಾಗ ‘ಕೈಂಡ್ಲಿ ವೇವ್ ದ ಚಾರ್ಜಸ್’ ಅನ್ನಿ. ‘ಲೀವ್ ದ ಚಾರ್ಜಸ್’ ಅಂದರೆ ಅವು ಇದ್ದಲ್ಲೇ ಇರಲಿ ಅಂದಂತೆ.

ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. ‘ಫಿಕ್ಸೆಡ್ ಚಾರ್ಜಸ್’ ಒಂದು ಕಡೆ, ‘ಎನರ್ಜಿ ಚಾರ್ಜಸ್’ ಇನ್ನೊಂದು ಕಡೆ. ಮೊದಲನೆಯದು ನಿಮ್ಮ ಮನೆಗೆ ಮಂಜೂರಾದ ಲೋಡಿನ ಮೇಲೆ, ಎರಡನೆಯದು ಉರಿಸಿದ ಯೂನಿಟ್ಟುಗಳ ಮೇಲೆ. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ಮೊದಲನೆಯದು ಬರುತ್ತದೆ.

ಹೋಟೆಲ್ ಬಿಲ್ಲಿನ ‘ಸರ್ವಿಸ್ ಚಾರ್ಜ್’ ಮತ್ತು ‘ಸರ್ವಿಸ್ ಟ್ಯಾಕ್ಸ್’ ಒಂದೇ ಅಂದುಕೊಂಡವರು ಬಹಳ. ಟ್ಯಾಕ್ಸ್ ಹೋಗುವುದು ಸರ್ಕಾರಕ್ಕೆ, ಚಾರ್ಜ್ ಹೋಗುವುದು ಹೋಟೆಲಿಗೆ. ಸರ್ವಿಸ್ ಟ್ಯಾಕ್ಸ್ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಲೇ ಅದರೊಳಗೆ ಸೇರಿಹೋಯಿತು. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪದದ ವ್ಯತ್ಯಾಸ ಗೊತ್ತಿದ್ದವರು ಕೌಂಟರಿನಲ್ಲಿ ನಿಂತು ಧೈರ್ಯವಾಗಿ ಕೇಳಬಹುದು.

ಹಾಗಾದರೆ ‘ಬಸ್ ಚಾರ್ಜ್’ ಅನ್ನುವುದು ತಪ್ಪೇ?

ಕನ್ನಡದಲ್ಲಿ ತಪ್ಪಲ್ಲ. ‘ಮೈಸೂರಿಗೆ ಬಸ್ ಚಾರ್ಜ್ ಎಷ್ಟು?’ ಅಪ್ಪಟ ಕನ್ನಡ ವಾಕ್ಯ, ಅದನ್ನು ತಿದ್ದಬೇಕಾಗಿಲ್ಲ. ಇಂಗ್ಲಿಷ್ ಬರೆಯುವಾಗ ಮಾತ್ರ ಪ್ರಯಾಣದ ಹಣಕ್ಕೆ ‘ಫೇರ್’: ಬಸ್ ಫೇರ್, ಟ್ರೇನ್ ಫೇರ್, ಆಟೊ ಫೇರ್. ಡಾಕ್ಟರು, ವಕೀಲರು, ಶಾಲೆ, ಪರೀಕ್ಷೆಗೆ ‘ಫೀ’. ಹೆದ್ದಾರಿಗೆ ‘ಟೋಲ್’. ತಪ್ಪಿಗೆ ಕಟ್ಟುವುದು ‘ಫೈನ್’. ಟಿ.ಎ. ಬಿಲ್ಲಿನ ವಿವರಣೆಯಲ್ಲಿ ‘ಬಸ್ ಚಾರ್ಜಸ್’ ಅಂತ ಬರೆದರೆ ನಮ್ಮ ಕಚೇರಿಗಳಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಪರೀಕ್ಷೆಯಲ್ಲಾದರೆ ಅಂಕ ಹೋಗಬಹುದು.

‘ಫ್ರೀ ಆಫ್ ಕಾಸ್ಟ್’ ಸರಿಯೋ, ‘ಫ್ರೀ ಆಫ್ ಚಾರ್ಜ್’ ಸರಿಯೋ?

ಎರಡೂ ಅರ್ಥವಾಗುತ್ತವೆ. ಭಾರತದಲ್ಲಿ ಮೊದಲನೆಯದು ಹೆಚ್ಚು, ಉಳಿದೆಡೆ ಎರಡನೆಯದು. ನನ್ನ ಸಲಹೆ ‘ಫ್ರೀ ಆಫ್ ಚಾರ್ಜ್’. ನಡುವೆ ‘ಎ’ ಅಥವಾ ‘ದ’ ಬರುವುದಿಲ್ಲ, ಬಹುವಚನವೂ ಇಲ್ಲ. ‘ಅಟ್ ನೋ ಎಕ್ಸ್‌ಟ್ರಾ ಚಾರ್ಜ್’ ಕೂಡ ಹೀಗೆಯೇ.

‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದ ಚಾರ್ಜ್ ಆಫ್’: ಒಂದು ‘ದ’ ಬಿಟ್ಟರೆ ಏನಾಗುತ್ತದೆ?

ಯಜಮಾನರೇ ಬದಲಾಗಿಬಿಡುತ್ತಾರೆ. ‘ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಅಂದರೆ ಮಗು ನರ್ಸಮ್ಮನ ಉಸ್ತುವಾರಿಯಲ್ಲಿದೆ. ‘ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಅಂದರೂ ಅದೇ ಸಂಗತಿ, ಹೇಳುವ ದಿಕ್ಕು ಬೇರೆ. ಎರಡನೆಯ ವಾಕ್ಯದಲ್ಲಿ ‘ದ’ ತೆಗೆದು ನೋಡಿ: ‘ದ ಚೈಲ್ಡ್ ಈಸ್ ಇನ್ ಚಾರ್ಜ್ ಆಫ್ ದ ನರ್ಸ್’. ಈಗ ಮಗುವೇ ನರ್ಸಮ್ಮನ ಮೇಲಧಿಕಾರಿ!

ಎರಡನೆಯ ರೂಪ ಕಷ್ಟ ಅನ್ನಿಸಿದರೆ ‘ಇನ್ ದ ಕೇರ್ ಆಫ್’ ಬಳಸಿ, ಗೊಂದಲವೇ ಇರುವುದಿಲ್ಲ. ಇನ್ನೊಂದು ಮಾತು: ‘ಇನ್ ಚಾರ್ಜ್ ಫಾರ್’ ಅನ್ನುವ ಜೋಡಿ ಇಲ್ಲ. ಕನ್ನಡದ ‘ಲೈಬ್ರರಿಗೆ ಇನ್‌ಚಾರ್ಜ್’ನಲ್ಲಿರುವ ‘ಗೆ’ ನಮ್ಮನ್ನು ‘ಫಾರ್’ ಕಡೆಗೆ ಎಳೆಯುತ್ತದೆ. ಜವಾಬ್ದಾರಿಯ ಅರ್ಥದಲ್ಲಿ ಯಾವಾಗಲೂ ‘ಆಫ್’.

‘ಹೀ ಈಸ್ ಅವರ್ ಇನ್‌ಚಾರ್ಜ್’ ಅನ್ನಬಹುದೆ?

ಭಾರತದ ಇಂಗ್ಲಿಷಿನಲ್ಲಿ ‘ಇನ್‌ಚಾರ್ಜ್’ ಒಂದು ಹುದ್ದೆಯ ಹೆಸರೇ ಆಗಿದೆ. ಡಿಸ್ಟ್ರಿಕ್ಟ್ ಇನ್‌ಚಾರ್ಜ್ ಮಿನಿಸ್ಟರ್ ಅಂದರೆ ಜಿಲ್ಲಾ ಉಸ್ತುವಾರಿ ಸಚಿವರು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಹೊರದೇಶದವರಿಗೆ ಬರೆಯುವಾಗ ‘ಹೀ ಈಸ್ ದ ಪರ್ಸನ್ ಇನ್ ಚಾರ್ಜ್’ ಅನ್ನಿ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಕೇಳಬೇಕಾದರೆ ‘ಹೂ ಈಸ್ ಇನ್ ಚಾರ್ಜ್ ಹಿಯರ್?’

ವರ್ಗಾವಣೆಯಾಗಿದೆ. ವರದಿ ಮಾಡಿಕೊಳ್ಳುವ ಪತ್ರದಲ್ಲಿ ಏನು ಬರೆಯಬೇಕು?

ಬಿಟ್ಟುಕೊಡುವವರು ‘ಹ್ಯಾಂಡ್ ಓವರ್ ಚಾರ್ಜ್’, ವಹಿಸಿಕೊಳ್ಳುವವರು ‘ಟೇಕ್ ಓವರ್ ಚಾರ್ಜ್’ ಅಥವಾ ‘ಅಸ್ಯೂಮ್ ಚಾರ್ಜ್’. ಯಾರಿಂದ ಅನ್ನುವುದಕ್ಕೆ ‘ಫ್ರಮ್’, ಯಾರಿಗೆ ಅನ್ನುವುದಕ್ಕೆ ‘ಟು’, ಯಾವುದರ ಅನ್ನುವುದಕ್ಕೆ ‘ಆಫ್’. ತಮ್ಮ ಹುದ್ದೆಯ ಜೊತೆಗೆ ಇನ್ನೊಂದನ್ನೂ ನೋಡಿಕೊಳ್ಳುತ್ತಿದ್ದರೆ ‘ಹೋಲ್ಡಿಂಗ್ ಅಡಿಶನಲ್ ಚಾರ್ಜ್ ಆಫ್’, ನಮ್ಮ ಆದೇಶಗಳ ಭಾಷೆಯಲ್ಲಿ ಹೆಚ್ಚುವರಿ ಪ್ರಭಾರ. ಇಲ್ಲೆಲ್ಲ ‘ಚಾರ್ಜ್’ ಏಕವಚನ.

ಈ ಏಕವಚನದ ಬಗ್ಗೆ ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದೇ ನೌಕರರ ಕಡತದಲ್ಲಿ ಇನ್ನೊಂದು ‘ಚಾರ್ಜ್’ ಬರಬಹುದು: ಇಲಾಖಾ ವಿಚಾರಣೆಯ ‘ಆರ್ಟಿಕಲ್ಸ್ ಆಫ್ ಚಾರ್ಜ್’, ಕಚೇರಿಯ ಮಾತಿನಲ್ಲಿ ಚಾರ್ಜ್ ಮೆಮೊ. ಕರ್ನಾಟಕದಲ್ಲಿ 1957ರ ಸಿ.ಸಿ.ಎ. ನಿಯಮಗಳಡಿ, ಅಂದರೆ ಸರ್ಕಾರಿ ನೌಕರರ ಶಿಸ್ತು ಕ್ರಮದ ನಿಯಮಗಳಡಿ, ನಡೆಯುವ ವಿಚಾರಣೆಯಲ್ಲಿ ಇದು ಕೈಗೆ ಬರುತ್ತದೆ. ‘ಹೀ ಈಸ್ ಇನ್ ಚಾರ್ಜ್’ ಅಂದರೆ ಗೌರವದ ಸ್ಥಾನ, ‘ಹೀ ಈಸ್ ಫೇಸಿಂಗ್ ಚಾರ್ಜಸ್’ ಅಂದರೆ ಕುತ್ತಿಗೆಗೆ ಬಂದಿದೆ ಅಂತ. ‘ಹೀ ಹ್ಯಾಸ್ ಚಾರ್ಜಸ್ ಆಫ್ ಟು ಆಫೀಸಸ್’ ಅಂತ ಬಹುವಚನ ಬರೆದರೆ ಓದುವವರು ಒಂದು ಕ್ಷಣ ಗಾಬರಿಯಾಗುತ್ತಾರೆ.

‘ಚಾರ್ಜ್ಡ್ ಫಾರ್ ಮರ್ಡರ್’ ಯಾಕೆ ತಪ್ಪು?

‘ಚಾರ್ಜ್’ ಪಕ್ಕದಲ್ಲಿ ‘ಫಾರ್’ ಬಂದರೆ ಹೆಚ್ಚಾಗಿ ದುಡ್ಡಿನ ಮಾತು. ‘ದೆ ಚಾರ್ಜ್ಡ್ ಮೀ ಫಾರ್ ಪಾರ್ಕಿಂಗ್’ ಅಂದರೆ ಪಾರ್ಕಿಂಗಿಗೆ ಹಣ ತೆಗೆದುಕೊಂಡರು ಅಂತ. ಆರೋಪಕ್ಕೆ ಕ್ರಿಯಾಪದವಾದರೆ ‘ವಿತ್’: ಚಾರ್ಜ್ಡ್ ವಿತ್ ಮರ್ಡರ್. ನಾಮಪದವಾದರೆ ‘ಆಫ್’: ಎ ಚಾರ್ಜ್ ಆಫ್ ಮರ್ಡರ್, ಅಥವಾ ನೇರವಾಗಿ ‘ಮರ್ಡರ್ ಚಾರ್ಜ್’. ಯಾರ ಮೇಲೆ ಅನ್ನುವುದಕ್ಕೆ ‘ಅಗೇನ್ಸ್ಟ್’. ‘ಅಕ್ಯೂಸ್’ ಪದಕ್ಕೆ ಮಾತ್ರ ಕ್ರಿಯಾಪದವಾದಾಗಲೂ ‘ಆಫ್’ ಬರುತ್ತದೆ. ಇವೆರಡನ್ನೂ ಕಲಸಿಕೊಂಡು ‘ಚಾರ್ಜ್ಡ್ ಆಫ್ ಥೆಫ್ಟ್’ ಅನ್ನುವುದು ಸ್ಪರ್ಧಾತ್ಮಕ ಪರೀಕ್ಷೆಗಳ ಹಳೆಯ ಬಲೆ.

ಕೋರ್ಟು ಕಚೇರಿಯ ಸುತ್ತ ಬರುವ ಉಳಿದ ಜೋಡಿಗಳು: ಆರೋಪ ಎದುರಿಸು ‘ಫೇಸ್’, ಅಲ್ಲಗಳೆ ‘ಡಿನೈ’, ಕೈಬಿಡು ‘ಡ್ರಾಪ್’. ಬಂಧನವಾದರೆ ‘ಅರೆಸ್ಟೆಡ್ ಆನ್ ಎ ಚಾರ್ಜ್ ಆಫ್’. ಆರೋಪಮುಕ್ತನಾದರೆ ‘ಕ್ಲಿಯರ್ಡ್ ಆಫ್ ಆಲ್ ಚಾರ್ಜಸ್’. ಕಟ್ಟುಕಥೆಯ ಆರೋಪವಾದರೆ ‘ಟ್ರಂಪ್ಡ್-ಅಪ್ ಚಾರ್ಜಸ್’.

ಎಫ್‌ಐಆರ್, ಚಾರ್ಜ್‌ಶೀಟ್, ಚಾರ್ಜ್ ಫ್ರೇಮ್: ಇವೆಲ್ಲ ಒಂದೇ ಅಲ್ಲವೆ?

ಅಲ್ಲ. ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ಇದು ಒಬ್ಬರ ಮಾನದ ಪ್ರಶ್ನೆ.

ಎಫ್‌ಐಆರ್ ಅಂದರೆ ಪೊಲೀಸರಿಗೆ ಬಂದ ಮೊದಲ ಮಾಹಿತಿ. ಅದಕ್ಕೆ ‘ರಿಜಿಸ್ಟರ್’ ಅಥವಾ ‘ಲಾಜ್’ ಜೋಡಿ. ತನಿಖೆ ಮುಗಿದ ಮೇಲೆ ಪೊಲೀಸರು ಕೋರ್ಟಿಗೆ ಕೊಡುವ ಅಂತಿಮ ವರದಿಯನ್ನೇ ಜನ ಚಾರ್ಜ್‌ಶೀಟ್ ಅಥವಾ ದೋಷಾರೋಪ ಪಟ್ಟಿ ಅನ್ನುವುದು. ಅದಕ್ಕೆ ‘ಫೈಲ್’ ಅಥವಾ ‘ಸಬ್ಮಿಟ್’. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಂನಲ್ಲಿದ್ದ ಈ ವರದಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 193ನೇ ಕಲಂ ಆಗಿದೆ. ಆಮೇಲೆ ನ್ಯಾಯಾಧೀಶರು ಕಾಗದಪತ್ರ ನೋಡಿ, ವಾದ ಕೇಳಿ, ಯಾವ ಆರೋಪದ ಮೇಲೆ ವಿಚಾರಣೆ ನಡೆಯಬೇಕು ಅಂತ ತೀರ್ಮಾನಿಸುತ್ತಾರೆ. ಅದು ‘ಫ್ರೇಮಿಂಗ್ ಆಫ್ ಚಾರ್ಜಸ್’, ಕನ್ನಡದಲ್ಲಿ ಆರೋಪ ನಿಗದಿ. ಚಾರ್ಜ್‌ಶೀಟ್ ಹಾಕುವವರು ಪೊಲೀಸರು, ಚಾರ್ಜ್ ಫ್ರೇಮ್ ಮಾಡುವುದು ಕೋರ್ಟು. ಕೋರ್ಟು ಈ ಹಂತದಲ್ಲೇ ಆರೋಪಿಯನ್ನು ಬಿಟ್ಟುಬಿಡುವುದೂ ಉಂಟು, ಅದು ‘ಡಿಸ್ಚಾರ್ಜ್’. ಹೇರಿದ ಹೊರೆ ಇಳಿಸಿದ ಹಾಗೆ.

ಎಫ್‌ಐಆರ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ‘ಹೀ ಹ್ಯಾಸ್ ಬೀನ್ ಚಾರ್ಜ್ಡ್’ ಅಂತ ಬರೆಯುವುದು ನ್ಯಾಯವಲ್ಲ. ಫೇಸ್‌ಬುಕ್ಕಿನಲ್ಲಿ ಎರಡು ಸಾಲು ಇಂಗ್ಲಿಷ್ ಬರೆಯುವವರಿಗೂ ಈ ಎಚ್ಚರ ಬೇಕು.

‘ಪ್ರೆಸ್ ಚಾರ್ಜಸ್’ ಅಂತ ಸಿನಿಮಾಗಳಲ್ಲಿ ಕೇಳುತ್ತೇವೆ. ಒತ್ತುವುದು ಏನನ್ನು?

ದೂರನ್ನು ಬಿಡದೆ ಮುಂದುವರಿಸುವುದು. ‘ಡು ಯೂ ವಾಂಟ್ ಟು ಪ್ರೆಸ್ ಚಾರ್ಜಸ್?’ ಅಂದರೆ ‘ಕೇಸ್ ಹಾಕ್ತೀರಾ?’ ಅಂತ. ಯಾವಾಗಲೂ ಬಹುವಚನ. ನಮ್ಮಲ್ಲಿ ‘ಫೈಲ್ ಎ ಕಂಪ್ಲೇಂಟ್’ ಹೆಚ್ಚು ಸಹಜ.

‘ಲಾಠಿ ಚಾರ್ಜ್’ ಇಂಗ್ಲಿಷೇ?

ಭಾರತೀಯ ಇಂಗ್ಲಿಷ್, ದೊಡ್ಡ ನಿಘಂಟುಗಳಲ್ಲೂ ಜಾಗ ಪಡೆದಿದೆ. ಇಲ್ಲಿ ಚಾರ್ಜ್ ಅಂದರೆ ನುಗ್ಗಿ ಬೀಳುವುದು. 1854ರ ಅಕ್ಟೋಬರ್ 25ರಂದು ಕ್ರೈಮಿಯಾದ ಬಾಲಾಕ್ಲಾವಾದಲ್ಲಿ ಬ್ರಿಟಿಷ್ ಕುದುರೆ ಸವಾರರು ರಷ್ಯನ್ ಫಿರಂಗಿಗಳ ಮೇಲೆ ನುಗ್ಗಿದ್ದನ್ನು ಇಂಗ್ಲಿಷ್ ಜಗತ್ತು ಇಂದಿಗೂ ‘ಚಾರ್ಜ್’ ಅಂತಲೇ ನೆನೆಯುತ್ತದೆ. ಲಾಠಿಯ ಜೊತೆ ಬರುವ ಕ್ರಿಯಾಪದಗಳು ‘ಆರ್ಡರ್’ ಮತ್ತು ‘ರಿಸಾರ್ಟ್ ಟು’. ಹೊರದೇಶದ ಪತ್ರಿಕೆಗೆ ‘ಬ್ಯಾಟನ್ ಚಾರ್ಜ್’. ಚಳವಳಿಯ ಮುಂದಾಳತ್ವ ವಹಿಸಿದವರನ್ನು ಹೊಗಳಲು ‘ಲೆಡ್ ದ ಚಾರ್ಜ್’ ಅನ್ನುತ್ತಾರೆ, ಅಲ್ಲಿ ಹೊಡೆದಾಟ ಇರಬೇಕಿಲ್ಲ. ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಮುಂದೆ ನುಗ್ಗಿದಾಗ ಕಾಮೆಂಟರಿಯಲ್ಲಿ ‘ಗಿವ್ಸ್ ಹಿಮ್ ದ ಚಾರ್ಜ್’ ಕೇಳಿಸುತ್ತದೆ.

ನಾಗರಹೊಳೆ ಸಫಾರಿಯಲ್ಲಿ ‘ಮಾಕ್ ಚಾರ್ಜ್’ ಅಂದರು. ಹಾಗಂದರೆ?

ನನಗೆ ತುಂಬ ಇಷ್ಟವಾದ ಜೋಡಿ ಇದು. ಆನೆ ಕಿವಿ ಅಗಲಿಸಿ, ಘೀಳಿಟ್ಟು, ಧೂಳೆಬ್ಬಿಸಿ ಜೀಪಿನ ಕಡೆ ಓಡಿ ಬಂದು ಸ್ವಲ್ಪ ದೂರದಲ್ಲೇ ಗಕ್ಕನೆ ನಿಂತರೆ ಅದು ಮಾಕ್ ಚಾರ್ಜ್. ‘ಹೋಗಿ ಇಲ್ಲಿಂದ’ ಅನ್ನುವ ಎಚ್ಚರಿಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಸುರುಳಿ ಸುತ್ತಿ, ಸದ್ದಿಲ್ಲದೆ ಬಂದರೆ ನಿಜವಾದ ದಾಳಿ, ‘ಫುಲ್ ಚಾರ್ಜ್’. ಇದೇ ‘ಫುಲ್ ಚಾರ್ಜ್’ ಮೊಬೈಲಿಗಾದರೆ ನೂರಕ್ಕೆ ನೂರು ಬ್ಯಾಟರಿ. ಅಂದರೆ ಪಕ್ಕದ ಪದವೂ ಒಂದೇ ಆಗಿರುವಾಗ ಅರ್ಥವನ್ನು ಇಡೀ ವಾಕ್ಯದಿಂದಲೇ ತಿಳಿಯಬೇಕು.

‘ಫೋನಲ್ಲಿ ಚಾರ್ಜ್ ಇಲ್ಲ’ ಇಂಗ್ಲಿಷಿನಲ್ಲಿ ಹೇಗೆ?

‘ಮೈ ಫೋನ್ ಈಸ್ ಡೆಡ್’ ಅಥವಾ ‘ಮೈ ಬ್ಯಾಟರಿ ಈಸ್ ಲೋ’. ಚಾರ್ಜಿಗೆ ಹಾಕಿದ್ದೇನೆ ಅನ್ನಲು ‘ಇಟ್ಸ್ ಚಾರ್ಜಿಂಗ್’, ಬ್ರಿಟಿಷರಾದರೆ ‘ಇಟ್ಸ್ ಆನ್ ಚಾರ್ಜ್’. ಬ್ಯಾಟರಿ ಹಳೆಯದಾಗಿ ಚಾರ್ಜ್ ನಿಲ್ಲದಿದ್ದರೆ ‘ಇಟ್ ಡಸಂಟ್ ಹೋಲ್ಡ್ ಎ ಚಾರ್ಜ್’. ಸರ್ವಿಸ್ ಸೆಂಟರಿನಲ್ಲಿ ಈ ಕೊನೆಯ ವಾಕ್ಯ ಹೇಳಿದರೆ ಸಮಸ್ಯೆ ಚಾರ್ಜರಿನದಲ್ಲ, ಬ್ಯಾಟರಿಯದು ಅಂತ ತಕ್ಷಣ ಗೊತ್ತಾಗುತ್ತದೆ.

ಪಿಯುಸಿ ಭೌತಶಾಸ್ತ್ರದ ‘ಚಾರ್ಜ್’?

ಕನ್ನಡ ಪಠ್ಯದಲ್ಲಿ ವಿದ್ಯುದಾವೇಶ ಅಂತ ಓದಿದ್ದು. ಧನ, ಋಣ ಎಂಬ ಹೆಸರುಗಳು ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಬಳಸಿದ ‘ಪಾಸಿಟಿವ್’, ‘ನೆಗೆಟಿವ್’ಗಳ ಕನ್ನಡ ರೂಪ. ಕಣಗಳು ಚಾರ್ಜನ್ನು ‘ಕ್ಯಾರಿ’ ಮಾಡುತ್ತವೆ. ‘ಲೈಕ್ ಚಾರ್ಜಸ್ ರಿಪೆಲ್’ ಅನ್ನುವಲ್ಲಿ ‘ಲೈಕ್’ ಅಂದರೆ ಸಜಾತೀಯ, ಇಷ್ಟಪಡುವುದಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಲ್ಲಿ ಎಡವುವುದು ಸಹಜ, ಯಾರಾದರೂ ಬಿಡಿಸಿ ಹೇಳಿದರೆ ಸಾಕು. ಎಲೆಕ್ಟ್ರಾನಿನ ಚಾರ್ಜಿನ ಪ್ರಮಾಣ ಸುಮಾರು 1.602 × 10⁻¹⁹ ಕೂಲಂಬ್.

ಬ್ಯಾಂಕಿನವರು ‘ಚಾರ್ಜ್ ಆನ್ ದ ಪ್ರಾಪರ್ಟಿ’ ಅಂದರು. ಎಷ್ಟು ಕಟ್ಟಬೇಕು?

ಇದು ಶುಲ್ಕವಲ್ಲ! ಸಾಲಕ್ಕೆ ನಿಮ್ಮ ಆಸ್ತಿಯ ಮೇಲೆ ಬ್ಯಾಂಕಿನ ಹಕ್ಕು ಕೂತಿದೆ ಅಂತ. ‘ಆನ್’ ಅಥವಾ ‘ಓವರ್’ ಬಂದು, ಮುಂದೆ ಆಸ್ತಿಯ ಹೆಸರಿದ್ದರೆ ಈ ಅರ್ಥ. ‘ಕ್ರಿಯೇಟ್ ಎ ಚಾರ್ಜ್’ ಅಂದರೆ ಹಕ್ಕು ಕೂರಿಸುವುದು, ಸಾಲ ತೀರಿದ ಮೇಲೆ ‘ರಿಲೀಸ್’ ಮಾಡುವುದು. ‘ಫಸ್ಟ್ ಚಾರ್ಜ್’ ಇರುವವರಿಗೆ ವಸೂಲಿಯಲ್ಲಿ ಮೊದಲ ಪಾಲು. ಬೆಳೆ ಸಾಲ ತೆಗೆದ ರೈತರು ಪಹಣಿಯ 11ನೇ ಕಾಲಂನಲ್ಲಿ ನೋಡುವ ಋಣದ ನಮೂದು ಇದೇ ಜಾತಿಯದು. ಸಾಲ ತೀರಿಸಿ ಸುಮ್ಮನಿರಬೇಡಿ, ಆ ನಮೂದನ್ನು ತೆಗೆಸಿ.

ಅಪರೂಪದ ಜೋಡಿಗಳು ಯಾವುವು?

ಕಲ್ಲು ಕ್ವಾರಿಯಲ್ಲಿ ಸಿಡಿಮದ್ದಿನ ‘ಎಕ್ಸ್‌ಪ್ಲೋಸಿವ್ ಚಾರ್ಜ್’, ಜಲಾಂತರ್ಗಾಮಿಯ ವಿರುದ್ಧ ‘ಡೆಪ್ತ್ ಚಾರ್ಜ್’. ಟೀಚರಮ್ಮನ ‘ಯಂಗ್ ಚಾರ್ಜಸ್’ ಅಂದರೆ ಅವರ ವಶದಲ್ಲಿರುವ ಮಕ್ಕಳು. ‘ರಿವರ್ಸ್ ದ ಚಾರ್ಜಸ್’ ಫೋನ್ ಬಿಲ್ಲನ್ನು ಕರೆ ಸ್ವೀಕರಿಸಿದವರ ತಲೆಗೆ ಹಾಕುವುದು, ಈಗ ಬಳಕೆ ತೀರ ಕಡಿಮೆ.

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ?

ನೋಟ್‌ಬುಕ್ಕಿನಲ್ಲಿ ‘ಚಾರ್ಜ್ = ಶುಲ್ಕ, ಆರೋಪ, ಪ್ರಭಾರ’ ಅಂತ ಬರೆಯಬೇಡಿ, ಅದರಿಂದ ವಾಕ್ಯ ಹುಟ್ಟುವುದಿಲ್ಲ. ಹಿಂದಿನ ಕ್ರಿಯಾಪದ, ಮುಂದಿನ ಪುಟ್ಟ ಪದ ಎರಡನ್ನೂ ಸೇರಿಸಿ ಇಡೀ ತುಂಡನ್ನು ಬರೆಯಿರಿ: ಟೇಕ್ ಚಾರ್ಜ್ ಆಫ್, ಡ್ರಾಪ್ ಚಾರ್ಜಸ್ ಅಗೇನ್ಸ್ಟ್, ವೇವ್ ದ ಚಾರ್ಜ್ ಫಾರ್. ನಿಮ್ಮದೇ ಕೆಲಸದ ಒಂದು ವಾಕ್ಯ ಪಕ್ಕದಲ್ಲಿರಲಿ. ಆಸ್ಪತ್ರೆಯಲ್ಲಿರುವವರಿಗೆ ವಾರ್ಡಿನ ವಾಕ್ಯ, ಬ್ಯಾಂಕಿನವರಿಗೆ ಸಾಲದ ವಾಕ್ಯ. ಎಲ್ಲ ಅರ್ಥಗಳನ್ನೂ ಒಂದೇ ದಿನ ಕಲಿಯಹೋಗಬೇಡಿ, ನಿಮಗೆ ನಾಳೆ ಬೇಕಾಗುವುದನ್ನು ಮೊದಲು ಕಲಿಯಿರಿ.

ಅಭ್ಯಾಸಕ್ಕೆ ಒಂದೆರಡು ವಾಕ್ಯ ಕೊಡುತ್ತೀರಾ?

ಬಿಟ್ಟ ಜಾಗ ತುಂಬಿ. ಒಂದು: ‘ಶೀ ವಾಸ್ ಪುಟ್ ಇನ್ ಚಾರ್ಜ್ ____ ದ ಸ್ಟೋರ್ಸ್’. ಎರಡು: ‘ಹೀ ವಾಸ್ ಚಾರ್ಜ್ಡ್ ____ ಚೀಟಿಂಗ್’. ಮೂರು: ‘ದ ಬ್ಯಾಂಕ್ ಹ್ಯಾಸ್ ಎ ಚಾರ್ಜ್ ____ ದ ಹೌಸ್’. ನಾಲ್ಕು: ‘ದೇರ್ ಈಸ್ ನೋ ಚಾರ್ಜ್ ____ ಡೆಲಿವರಿ’.

ಉತ್ತರ ಕ್ರಮವಾಗಿ ಆಫ್, ವಿತ್, ಆನ್, ಫಾರ್. ಮೂರನೆಯದಕ್ಕೆ ‘ಓವರ್’ ಬರೆದಿದ್ದರೂ ಸರಿ.